ಆ ಕೈ ನಮ್ಮ ಮಗಳದ್ದಲ್ಲ

ಕದರಮಂಡಲಗಿ
೧೪ ಜುಲೈ ೨೦೨೫, ಸೋಮವಾರ

ಐಶ್ವರ್ಯಳ ಅಪ್ಪನವರಿಗೆ,

ಸುಶೀಲವ್ವ ಮಾಡುವ ನಮಸ್ಕಾರ. ನಾನು ಕ್ಷೇಮ. ನೀವು ಕ್ಷೇಮವೆಂದು ಆಟೊದ ಮಲಂಗಸಾಬರು ಹೇಳಿದರು. ಅವರ ಕೈಯಲ್ಲಿ ನೀವು ಕಳಿಸಿದ ಆಮಂತ್ರಣ ಪತ್ರಿಕೆ ಬಂದು ಹನ್ನೊಂದು ದಿನವಾಯಿತು. ಉತ್ತರ ತಡವಾಯಿತು, ಮನ್ನಿಸಿ ಎಂದು ಬರೆಯುವುದು ರೂಢಿ. ಮಗಳ ಮಣ್ಣು ಆರುವ ಮೊದಲೇ ರಾಣೆಬೆನ್ನೂರಿನಲ್ಲಿ ಕೋಣೆ ಹಿಡಿದು, ಮೂರು ವರ್ಷ ಇತ್ತ ತಲೆ ಹಾಕದವರ ಮುಂದೆ ಹನ್ನೊಂದು ದಿನಕ್ಕೆ ನಾನೇಕೆ ಮನ್ನಿಸಿ ಎನ್ನಲಿ? ಫೋನ್ ಮಾಡಿದರೆ ಮೀಟಿಂಗ್ ಇದೆ ಎಂದು ಇಟ್ಟುಬಿಡುತ್ತೀರಿ. ಪತ್ರವನ್ನು ಹಾಗೆ ಮಾಡಲು ಬರುವುದಿಲ್ಲ. ಹರಿಯುವುದಾದರೆ ಹರಿಯಿರಿ, ಓದಿದ ಮೇಲೆ.

ಇಲ್ಲಿ ಮಳೆ ಹದವಾಗಿದೆ. ನನ್ನ ಅಂಗನವಾಡಿಗೆ ಈ ವರ್ಷ ಇಪ್ಪತ್ತಾರು ಮಕ್ಕಳು. ಬೇರೆ ಸುದ್ದಿ ಇಲ್ಲ. ನಿಮ್ಮ ಪತ್ರಿಕೆಯ ಸುದ್ದಿಯೇ ಸುದ್ದಿ.

ಪತ್ರಿಕೆ ಚಂದ ಮಾಡಿಸಿದ್ದೀರಿ. ‘ಕುಮಾರಿ ಐಶ್ವರ್ಯ ಸ್ಮಾರಕ ವಿದ್ಯಾರ್ಥಿವೇತನ’ ಎಂದು ಬಂಗಾರದ ಬಣ್ಣದ ಅಕ್ಷರ. ಆಗಸ್ಟ್ ಹದಿನೈದಕ್ಕೆ ಹೈಸ್ಕೂಲಿನ ವೇದಿಕೆಯಲ್ಲಿ ವಿತರಣೆ. ಮೇಲೆ ಅವಳ ಫೋಟೊ. ಮೈಮೇಲೆ ಕರಿ ಗೌನು, ತಲೆಗೆ ಚೌಕದ ಟೋಪಿ, ಕೈಯಲ್ಲಿ ಸುರುಳಿ ಸುತ್ತಿದ ಸರ್ಟಿಫಿಕೇಟು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾದ ಹುಡುಗಿಯನ್ನು ಸತ್ತ ಮೇಲೆ ಪದವೀಧರೆ ಮಾಡಿದಿರಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ನಮ್ಮ ಓಣಿಯ ಸೈದಾಬಿಗೆ ತೋರಿಸಿದೆ. ಐಶ್ವರ್ಯ ಕೂಲಿಗೆ ಹೋದ ಟಂಟಂ ಗಾಡಿಯಲ್ಲೇ ಸೈದಾಬಿಯ ಮಗಳು ನಸೀಮಾಳೂ ಇದ್ದಳಲ್ಲ; ಪಲ್ಟಿಯಾದಾಗ ಇವಳ ಕಾಲು ಹೋಯಿತು, ನಮ್ಮವಳ ಜೀವ ಹೋಯಿತು. ಸೈದಾಬಿ ಫೋಟೊವನ್ನು ಬಹಳ ಹೊತ್ತು ನೋಡಿದಳು.

“ಮುಖ ನಮ್ಮ ಐಶೂಂದ ಐತಿ,” ಅಂದಳು. “ಕೈ ಯಾರವು?”

ಅಲ್ಲಿಯತನಕ ನಾನು ಕೈ ನೋಡಿರಲಿಲ್ಲ. ಯಾರದೋ ಬೆಳ್ಳನೆಯ ಕೈ, ಉದ್ದ ಉಗುರು, ಗುಲಾಬಿ ಬಣ್ಣ. ನಮ್ಮ ಮಗಳ ಕೈ ನಿಮಗೆ ಮರೆತೇ ಹೋಯಿತೇ? ಸಂಜೆಯೆಲ್ಲ ಬೀಜದ ಪ್ಲಾಟಿನಲ್ಲಿ ಟೊಮ್ಯಾಟೊ ಗಿಡದ ಮೊಗ್ಗು ಬಿಡಿಸಿ ಬೆರಳ ತುದಿ ಹಸಿರುಗಪ್ಪಾಗಿರುತ್ತಿತ್ತು. ಹಸಿ ಟೊಮ್ಯಾಟೊ ಹೋಳು ಹಚ್ಚಿ ತಿಕ್ಕಿದರೂ ಕಲೆ ಪೂರಾ ಬಿಡುತ್ತಿರಲಿಲ್ಲ. ಮುಂಜಾನೆ ಎದ್ದರೆ, ಹೆಣ್ಣು ಹೂವಿಗೆ ಮುಟ್ಟಿಸಲು ಗಂಡು ಹೂವಿನ ಪುಡಿ ತುಂಬಿದ ಉಂಗುರ ಅದೇ ಬೆರಳಿಗೆ. ಆ ಉಂಗುರ ನನ್ನ ಹತ್ತಿರ ಇದೆ.

ಹಾವೇರಿಯ ಸ್ಟುಡಿಯೋಕ್ಕೆ ಹೋಗಿ, ಈ ಫೋಟೊ ಮಾಡಿಕೊಟ್ಟ ಅಶ್ಫಾಕನನ್ನು ಕೇಳಿದೆ. ಪಾಪ, ಅವನು ಹೆದರಿದ. ತೀರಿಹೋದವರ ಫೋಟೊದಲ್ಲಿ ಗಂಡಸರಿಗೆ ಕೋಟು, ಹೆಂಗಸರಿಗೆ ರೇಷ್ಮೆ ಸೀರೆ ಹಾಕಿ ಕೊಡುವುದು ವಾಡಿಕೆ, ಈ ಗೌನು ಮಾತ್ರ ನೀವೇ ಕೂತು ಆರಿಸಿದ್ದು ಎಂದ. ನನ್ನಪ್ಪ ಬದುಕಿನಲ್ಲಿ ಒಂದು ದಿನ ಕೋಟು ತೊಟ್ಟವನಲ್ಲ. ಗೋಡೆಯ ಮೇಲೆ ಕೋಟಿನಲ್ಲೇ ಇದ್ದಾನೆ. ಅದಕ್ಕೆ ನಾನು ಜಗಳ ತೆಗೆದಿಲ್ಲ. ಗೌನಿನ ಮಾತು ಬೇರೆ.

ಬೀಜದ ಕಂಪನಿಗೆ, ಹೂವಿಗೆ ಹೂವು ಕೂಡಿಸುವ ಕ್ರಾಸಿಂಗ್ ಹುಡುಗಿಯರನ್ನು ಹೊಂದಿಸುವವರು ನೀವು. ಸಣ್ಣ ಬೆರಳಿನವರು ಬೇಕು ಎಂದು ಮನೆ ಮನೆ ತಿರುಗಿದಿರಿ. ಶಾಲೆ ತಪ್ಪುತ್ತದೆ ಎಂದ ತಾಯಂದಿರಿಗೆಲ್ಲ ನಿಮ್ಮದು ಒಂದೇ ಉತ್ತರ: “ಹೂವು ಕಾಯೂದಿಲ್ಲ. ಸಾಲಿ ಎಲ್ಲಿ ಓಡಿ ಹೋಗತೈತಿ?” ಮನೆಗೆ ಮಾರಿ, ಊರಿಗೆ ಉಪಕಾರಿ ಅಂದರೆ ನೀವೇ. ಈಗ ಅದೇ ಕಂಪನಿಯವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೀರಿ.

ಇನ್ನು ನಿಮ್ಮ ನಿಯಮ. ‘ಗಣಿತದಲ್ಲಿ ಅತಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿನಿಗೆ’. ಓದಿ ನನಗೆ ಮೈಯೆಲ್ಲ ಉರಿಯಿತು. ಈ ವರ್ಷ ಅದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿಯಿಟ್ಟಿರುವ ಹಾಲೇಶಪ್ಪನ ಮಗಳಿಗಂತೆ. ಒಳ್ಳೆಯ ಹುಡುಗಿ, ನಾನು ಬೇಡವೆನ್ನುವುದಿಲ್ಲ. ಆದರೆ ಐಶ್ವರ್ಯಳ ಹೆಸರಿನ ವೇತನ ಐಶ್ವರ್ಯಳಂಥವಳಿಗೆ ಎಂದೂ ಸಿಗದ ಹಾಗೆ ಬೇಲಿ ಹಾಕಿದ್ದೀರಲ್ಲ, ಅದು ನಿಮ್ಮಿಂದಲೇ ಆಗಬೇಕು.

ಫೇಲಾಗಿ ಕೂಲಿಗೆ ಹೋದ ಹುಡುಗಿಗೆ, ಮತ್ತೆ ಪರೀಕ್ಷೆ ಕಟ್ಟಲು ಕೊಡಿ. ಮೊದಲನೆಯದು ನಸೀಮಾಳಿಗೆ. ಮೊನ್ನೆ ಕುಂಟುತ್ತ ಅಂಗನವಾಡಿಗೆ ಬಂದು, ಗೋಡೆಯ ಮೇಲಿನ ಅಂಕಿ ನೋಡುತ್ತ ನಿಂತು ಕೇಳಿದಳು: “ಚಿಗವ್ವಾ, ಈಗ ಪರೀಕ್ಷಿಗೆ ಕುಂತ್ರ ನಡೀತೈತೇನು?” ಮುಂದಿನ ಸಲದ ಅರ್ಜಿಗೆ ಅವಳಿಗೆ ಇನ್ನೂ ಸಮಯವಿದೆ.

ಇದನ್ನೇ ಹೋದ ವಾರ ಫೋನಿನಲ್ಲಿ ಹೇಳಲು ಹೋದೆ. ಫೇಲಾದವರಿಗೆ ಬಹುಮಾನ ಕೊಟ್ಟರೆ ಮಂದಿ ನಗುತ್ತಾರೆ ಎಂದಿರಿ. ಆಮೇಲೆ ನಿಮ್ಮ ದನಿ ಸಣ್ಣದಾಯಿತು. “ಓದೂದು ಅಕಿಗೇ ಬ್ಯಾಡಾಗಿತ್ತು. ನನಗ ಆಸೆ ಇತ್ತು. ಫೋಟೋದಾಗರ ನೋಡತೇನಿ ಬಿಡು.” ಅವತ್ತು ಫೋನ್ ಇಟ್ಟವಳು ನಾನು.

ನಿಯಮ ತಿದ್ದಿ, ಗೌನು ತೆಗೆಸಿ. ಇಲ್ಲವಾದರೆ ಹದಿನೈದಕ್ಕೆ ನಾನು ಖಂಡಿತ ಬರುತ್ತೇನೆ. ಬಂದು, ಎಲ್ಲರೆದುರು ಸೈದಾಬಿ ಕೇಳಿದ ಪ್ರಶ್ನೆಯನ್ನೇ ಕೇಳುತ್ತೇನೆ.

ಆಂಜನೇಯ ನಿಮಗೆ ಬುದ್ಧಿ ಕೊಡಲಿ, ಆಯುಷ್ಯವನ್ನೂ ಕೊಡಲಿ. ಬಿಪಿ ಗುಳಿಗೆ ತಪ್ಪಿಸಬೇಡಿ. ನಸೀಮಾ ಪಾಸಾಗಲಿ.

ಐಶ್ವರ್ಯಳ ಅವ್ವ,
ಸುಶೀಲವ್ವ

ತಾ.ಕ.: ಐಶ್ವರ್ಯಳಿಗೆ ಓದು ಬೇಡವಾಗಿರಲಿಲ್ಲ. ನೀವು ಕಂಪನಿಯ ಮೀಟಿಂಗಿಗೆಂದು ಹೈದರಾಬಾದಿಗೆ ಹೋದಾಗ ಪೂರಕ ಪರೀಕ್ಷೆಯ ಅರ್ಜಿ ತಂದು ನನ್ನ ಮುಂದೆ ಹಿಡಿದಳು. ಪ್ಲಾಟಿನಲ್ಲಿ ಆಳು ಕಡಿಮೆ ಬಿದ್ದರೆ ಕಂಪನಿಯಿಂದ ನಿಮಗೆ ಮಾತು ಬರುತ್ತದೆ ಎಂದು ನಾನು ಸಹಿ ಹಾಕಲಿಲ್ಲ. ಹೂವು ಕಾಯುವುದಿಲ್ಲ ಎಂದು ಅವಳಿಗೆ ಹೇಳಿದವಳು ನಾನು. ಅವಳಿಗೇ ಬೇಡವಂತೆ ಎಂದು ನಿಮಗೆ ಹೇಳಿದವಳೂ ನಾನು. ಟಂಟಂ ಪಲ್ಟಿಯಾದ ಸೋಮವಾರ ಗಣಿತದ ಪರೀಕ್ಷೆ ಇತ್ತು. ಅರ್ಜಿಯನ್ನು ಇಷ್ಟು ದಿನ ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ. ಈಗ ಈ ಪತ್ರದ ಜೊತೆ ಇಟ್ಟಿದ್ದೇನೆ. ಅದರ ಮೇಲೆ ಅವಳೇ ಅಂಟಿಸಿದ ಫೋಟೊ ಇದೆ: ಎರಡು ಜಡೆ, ಶಾಲೆಯ ಅಂಗಿ. ಬ್ಯಾನರಿಗೆ ಅದನ್ನು ಹಾಕಿಸಿ. ಕೆಳಗೆ ‘ಪಾಲಕರ ಸಹಿ’ ಎಂದಿರುವ ಜಾಗ ಇನ್ನೂ ಖಾಲಿಯೇ ಇದೆ.