ರೂಪಾಯಿ ಇನ್ನಷ್ಟು ಬೀಳಲೆಂದು ಕಾದವರು

ಮಳವಳ್ಳಿ
14-12-2025

ಹಮ್ಜಾನ ಅಬ್ಬಾಗೆ ನಾಜಿಮಾಳ ಸಲಾಂ.

ನಿಮ್ಮ ಸೌದಿಯ ದಮ್ಮಾಮಿನಲ್ಲಿ ಈಗ ಚಳಿಯಂತೆ. ಕಾರುಗಳ ಕೆಳಗೆ ಮಲಗಿ ಮಲಗಿ ಹಿಡಿದುಕೊಂಡಿದ್ದ ಸೊಂಟ ಹೇಗಿದೆ? ಮುಲಾಮು ಹಚ್ಚಿಕೊಳ್ಳುತ್ತೀರೋ, ಡಬ್ಬಿ ಹಾಗೇ ಇದೆಯೋ? ಹಾಗೇ ಇರುತ್ತದೆ, ನಿಮ್ಮನ್ನು ನಾನು ಕಾಣದವಳೇ! ಇಲ್ಲಿ ನಿಮ್ಮ ಅಮ್ಮಿ ಚೆನ್ನಾಗಿದ್ದಾರೆ, ಅವರ ಬಾಯಿ ಅದಕ್ಕಿಂತ ಚೆನ್ನಾಗಿದೆ. ದಿನಾ ಫೋನು ಮಾಡುವವಳು ಕಾಗದ ಯಾಕೆ ಬರೆದಳು ಅಂದುಕೊಳ್ಳಬೇಡಿ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ 'ಡ್ಯೂಟಿಗೆ ಒತ್ತಾಯ್ತು' ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ.

ಮೊನ್ನೆ ರೂಪಾಯಿ ಮತ್ತೆ ಬಿತ್ತಲ್ಲ, ಅಮ್ಮಿ ಕಿರುಗಾವಲಿನಿಂದ ಬಂದಿದ್ದ ನೆಂಟರಿಗೆ ಜಾಮೂನು ಮಾಡಿಸಿದರು. 'ನಮ್ ಉಡ್ಗುನ್ ಸಂಬ್ಳ ಜಾಸ್ತಿ ಆಯ್ತು' ಅಂತ! ಸಂಬಳ ಅಷ್ಟೇ ಇದೆ, ಸವೆದದ್ದು ನಮ್ಮ ರೂಪಾಯಿ ಎಂದರೆ ನನಗೇ ಬೈಗುಳ. ಬೀದಿಯಲ್ಲಂತೂ ತಲೆ ಎತ್ತುವ ಹಾಗಿಲ್ಲ. ದಿನಸಿ ಅಂಗಡಿಯ ಚಿಕ್ಕಮಾದು ಎಣ್ಣೆ ಪಾಕೀಟು ಕೊಡುತ್ತಾ, 'ಸರ್ಕಾರದೋರ್‌ನ ಕೇಳುದ್ರೆ ದೇಸ ಉದ್ಧಾರ ಆಯ್ತಾದೆ ಅಂತಾರೆ, ಇಲ್ ನೋಡುದ್ರೆ ಎಣ್ಣೆ ಮುಟ್ಟಂಗಿಲ್ಲ. ನಿಮ್ಗೇನ್ ಬುಡಮ್ಮ, ರೂಪಾಯಿ ಬಿದ್ರೆ ನಿಮ್ಮನೇಲಿ ಅಬ್ಬದೂಟ' ಅಂದ. ನಿಂತಿದ್ದವರೆಲ್ಲ ನಕ್ಕರು. ನನಗೆ ಮೈ ಉರಿದುಹೋಯಿತು. ನಮ್ಮ ಮನೆಗೇನು ಬೇರೆ ಕಡೆಯಿಂದ ಎಣ್ಣೆ ಬರುತ್ತದೆಯೇ? ಟೀವಿಯಲ್ಲಿ ದೊಡ್ಡವರೆಲ್ಲ ಗಾಬರಿ ಬೇಡ ಅನ್ನುತ್ತಾರೆ. ನೀವು ಜಾಸ್ತಿ ಕಳಿಸಿದ್ದೆಲ್ಲ ಆ ಚಿಕ್ಕಮಾದುವಿನ ಗಲ್ಲಾಕ್ಕೇ ಹೋಗುತ್ತದೆ.

ಈಗ ನೀವು ತಪ್ಪಿಸಿಕೊಳ್ಳುವ ಮಾತಿಗೆ ಬರುತ್ತೇನೆ. ಬಸ್ ಸ್ಟ್ಯಾಂಡಿನ ಪಕ್ಕದ ಚೌಡಯ್ಯನವರ ಮಳಿಗೆ. ಅಲ್ಲಿ ಗ್ಯಾರೇಜು ಹಾಕಿ ಅಪ್ಪ ಮಗ ಒಟ್ಟಿಗೆ ದುಡಿಯುವುದು ಎಂದು ತಾನೇ ಇಷ್ಟು ವರ್ಷ ನಾನು ನಿಮ್ಮನ್ನು ಬಿಟ್ಟಿರುವುದು? 'ದೇಸ ಬುಟ್ಟು ನಾನೊಬ್ಬ ಇರೋದ್ ಸಾಕು, ಹಮ್ಜಾ ಊರಲ್ಲೇ ಇರ್ಲಿ' ಎಂದವರು ನೀವೇ. ಅಡ್ವಾನ್ಸು ಕಳಿಸಿ ಎಂದಾಗ ಮಾತ್ರ 'ಇರು ನಾಜಿಮಾ, ರೂಪಾಯಿ ಇನ್ನೊಸಿ ಬೀಳ್ಲಿ, ಅದೇ ರಿಯಾಲ್‌ಗೆ ಜಾಸ್ತಿ ಬತ್ತದೆ' ಅಂದಿರಿ. ನಿಮ್ಮ ರೂಮಿನವರೆಲ್ಲ ಹಾಗೇ ದುಡ್ಡು ಹಿಡಿದುಕೊಂಡು ಕೂತಿದ್ದರಂತೆ. ಊರೆಲ್ಲ ರೂಪಾಯಿ ಏಳಲಿ ಅಂದರೆ ನನ್ನ ಗಂಡ ಬೀಳಲಿ ಎಂದು ಕಾಯುತ್ತಿದ್ದರು. ಬಿತ್ತು. ಅಷ್ಟರಲ್ಲಿ ಚೌಡಯ್ಯನವರು 'ಎಲ್ಲಾ ರೇಟೂ ಏರ್ಬುಟ್ಟದೆ, ಹಳೇ ಬಾಡ್ಗೆಗೆ ಆಗಕಿಲ್ಲ ಕಣಮ್ಮ' ಎಂದು ಮಳಿಗೆಯನ್ನು ಮದ್ದೂರಿನ ಮೊಬೈಲ್ ಅಂಗಡಿಯವರಿಗೆ ಕೊಟ್ಟುಬಿಟ್ಟರು. ಬೋರ್ಡೂ ಹಾಕಿಯಾಯಿತು. ಹಮ್ಜಾ ನೋಡಿಕೊಂಡು ಬಂದು ಊಟ ಮಾಡದೆ ಮಲಗಿದ. ಮಂಡ್ಯದಲ್ಲಿ ಐಟಿಐ ಮುಗಿಸಿದಾಗಿನಿಂದ ಕೆಲಸ ಕೇಳಿದ ಕಡೆಯೆಲ್ಲ ಅವನಿಗೆ ನಾಳೆ ಬಾ, ನಾಡಿದ್ದು ಬಾ.

ರೇಟು ಚೆನ್ನಾಗಿದೆ, ಮತ್ತೆರಡು ವರ್ಷಕ್ಕೆ ಅಗ್ರಿಮೆಂಟಿಗೆ ಸಹಿ ಹಾಕುತ್ತೇನೆ ಅಂದಿರಲ್ಲ, ಬೇಡ, ಬಂದುಬಿಡಿ ಎಂದು ಬರೆಯಲು ಕೈ ತವಕಿಸುತ್ತದೆ. ಬಂದು ಇಲ್ಲೇನು ಮಾಡಲಿ ಎಂದು ನೀವು ಕೇಳಿದರೆ ತೋರಿಸಲು ಈಗ ಆ ಮಳಿಗೆಯೂ ಇಲ್ಲ. ಎದುರೆದುರು ನಿಂತು ನಿಮ್ಮ ಜೊತೆ ಜಗಳವಾಡಿ ಎಷ್ಟು ಕಾಲವಾಯಿತು! ಅಳು ಬರುತ್ತದೆ, ಸುಮ್ಮನೆ ಹೇಳಿದೆ.

ಅಮ್ಮಿಯ ದುವಾ ನಿಮ್ಮ ಮೇಲಿದೆ. ಅಲ್ಲಾಹ್ ನಿಮ್ಮ ಸೊಂಟವನ್ನೂ ಬುದ್ಧಿಯನ್ನೂ ನೆಟ್ಟಗಿಡಲಿ.

ನಿಮ್ಮ
ನಾಜಿಮಾ

ತಾ.ಕ.: ಏರ್‌ಪೋರ್ಟಿಗೆ ಹೋಗುವ ಕಾರು ಬಾಗಿಲಿಗೆ ಬಂದು ಹಾರನ್ ಹೊಡೆಯುತ್ತಿದೆ. ಈ ಕಾಗದ ತಂದವನನ್ನು ಬೈಯಬೇಡಿ, ಹೊಡೆಯಬೇಡಿ. ಮೊದಲೇ ಹೇಳಿದರೆ ನೀವು ಬಿಡುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ನನ್ನ ಬಳೆ ಮಾರಿ ವೀಸಾ ಮಾಡಿಸಿದೆವು, ನೀವಿರುವ ಊರಲ್ಲೇ ಕೆಲಸವಂತೆ. ಹಮ್ಜಾಗೆ ಖಾರ ಆಗುವುದಿಲ್ಲ, ನಿಮ್ಮ ಕೈಯಾರೆ ಅಡುಗೆ ಮಾಡಿ ಹಾಕಿ. ಅಗ್ರಿಮೆಂಟಿಗೆ ಸಹಿ ಹಾಕಿಬಿಡಿ. ಅವನೊಬ್ಬನನ್ನೇ ಅಲ್ಲಿ ಬಿಟ್ಟು ಬರಬೇಡಿ.