ಇಪ್ಪತ್ತಕ್ಕೆ ಇಪ್ಪತ್ತು

ಪ್ರಯೋಗಾಲಯ, ಎರಡನೇ ಮಹಡಿ
ಶುಕ್ರವಾರ, ಊಟದ ಬಿಡುವು

ವರಾಹಕುಲೋದ್ಧಾರಕರಾದ ನಿರ್ದೇಶಕರಿಗೆ, ಅಂದರೆ ನನ್ನ ಯಜಮಾನರಿಗೆ,

ಒಂದು ತಿಂಗಳಿಂದ ನೀವು ಅತಿಥಿಗೃಹದಲ್ಲಿ, ನಾನು ಮನೆಯಲ್ಲಿ. ಆದರೂ ಕ್ಷೇಮ ವಿಚಾರಿಸುವುದಿಲ್ಲ. ನೀವು ಕ್ಷೇಮವಾಗಿರುವುದು ನೋಟಿಸ್ ಬೋರ್ಡಿನ ಫೋಟೋದಲ್ಲೇ ಕಾಣುತ್ತದೆ: ಹೊಸ ಕೋಟು, ಹೊಸ ಕ್ಷೌರ, ಕಂಕುಳಲ್ಲಿ ಒಂದು ಹಂದಿಮರಿ. ಇಬ್ಬರಲ್ಲಿ ಮುಜುಗರಪಟ್ಟಿರುವುದು ಮರಿ ಮಾತ್ರ.

ಬೆಳಿಗ್ಗೆ ಜವಾನ ನಿಮ್ಮ ಲಸಿಕೆಯ ವರದಿ ತಂದಿಟ್ಟ. ಕೊನೆಯ ಪುಟದಲ್ಲಿ ನಾನು ಸಹಿ ಮಾಡಬೇಕಾದ ಕಡೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದೀರಿ, ಓದು ಬಾರದವಳಿಗೆ ಹೆಬ್ಬೆಟ್ಟಿನ ಜಾಗ ತೋರಿಸುವ ಹಾಗೆ. ನಿಮ್ಮ ದುರದೃಷ್ಟ, ನನಗೆ ಓದು ಬರುತ್ತದೆ.

ಲಸಿಕೆ ಹಾಕಿಸಿಕೊಂಡ ಹತ್ತು ಮರಿಗಳಿಗೆ ಉಸಿರುಗಟ್ಟಿಸುವ ರೋಗದ ವೈರಸ್ ಕೊಟ್ಟರೂ ಹತ್ತೂ ಬದುಕಿವೆ ಎಂದು ದಪ್ಪಕ್ಷರದಲ್ಲಿ ಬರೆದಿದ್ದೀರಿ. ಓದಿ ರೋಮಾಂಚನವಾಯಿತು. ಪಕ್ಕದ ಕೊಟ್ಟಿಗೆಯ ಇನ್ನೂ ಹತ್ತು ಮರಿಗಳು ಎಲ್ಲಿ ಹೋದವೆಂದು ಹುಡುಕಿದೆ. ಅವಕ್ಕೆ ಲಸಿಕೆಯ ಬದಲು ಬರೀ ಉಪ್ಪುನೀರು ಚುಚ್ಚಿ, ಅದೇ ದಿನ ಅದೇ ವೈರಸ್ ಕೊಟ್ಟಿದ್ದೆವು. ಅವು ಕಾಯಿಲೆ ಬಿದ್ದರೆ ತಾನೇ ಲಸಿಕೆಯ ಮಹಿಮೆ ತಿಳಿಯುವುದು? ಒಂದಕ್ಕೂ ಮೈ ಬೆಚ್ಚಗಾಗಲಿಲ್ಲ. ಆ ಹತ್ತನ್ನೂ ನೀವು ಹದಿನಾಲ್ಕನೇ ಪುಟದ ಅಡಿಟಿಪ್ಪಣಿಯಲ್ಲಿ ಕೂಡಿಹಾಕಿದ್ದೀರಿ, ‘ಸಹಜ ಪ್ರತಿರೋಧ ಕಂಡುಬಂದಿದೆ’ ಎಂಬ ಇರುವೆ ಗಾತ್ರದ ಅಕ್ಷರಗಳಲ್ಲಿ. ಪಾಪ, ಕೊಟ್ಟಿಗೆಗಿಂತ ಇಕ್ಕಟ್ಟು.

ಕೊಟ್ಟಿಗೆ ಗುಡಿಸುವ ತಾತ ಐದನೇ ದಿನವೇ ನನ್ನನ್ನು ನಿಲ್ಲಿಸಿ, "ಅಲ್ಲ ಕಣಮ್ಮ, ಮದ್ದು ಚುಚ್ಚಿಸ್ಕೊಂಡಿದ್ದೂ ತೊಟ್ಟಿ ನೆಕ್ತಾವೆ, ಚುಚ್ಚಿಸ್ಕೊಳ್ದೆ ಇದ್ದಿದ್ದೂ ನೆಕ್ತಾವೆ. ಮತ್ತೆ ಸಾಹೇಬ್ರು ಗೆದ್ದಿದ್ದು ಯಾರ ಮೇಲೆ?" ಎಂದು ಕೇಳಿದರು. ಅವರನ್ನು ನಿಮ್ಮ ಕುರ್ಚಿಯಲ್ಲಿ ಕೂರಿಸಿ, ಪೊರಕೆ ನಿಮಗೆ ಕೊಡೋಣವೆನ್ನಿಸಿತು. ಕೊಟ್ಟಿಗೆಯ ಗತಿ ನೆನೆದು ಸುಮ್ಮನಾದೆ.

ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತೆಂದ ಅಜ್ಜಿ ನಿಮಗಿಂತ ಮೇಲು. ಅವಳ ಕೋಳಿ ಕೂಗಿದ್ದಾದರೂ ನಿಜ.

ಮರಿಗಳಿಗೆ ಕೊಟ್ಟು ಉಳಿದಿದ್ದ ವೈರಸ್ಸನ್ನು ನಾನು ಜೀವಕೋಶಗಳ ಮೇಲೆ ಬೆಳೆಸಲು ನೋಡಿದೆ. ಏಳು ದಿನ ಕಾದರೂ ಏನೂ ಬೆಳೆಯಲಿಲ್ಲ. ಇಪ್ಪತ್ತು ಮರಿಗಳಿಗೂ ನಾವು ಕೊಟ್ಟದ್ದು ವೈರಸ್ಸಿನ ಹೆಣ. ಅದರ ಶೀತಪೆಟ್ಟಿಗೆಯನ್ನು ಕೊಟ್ಟಿಗೆಗೆ ನಾನೇ ಒಯ್ಯುತ್ತೇನೆ ಎಂದು ಹಟ ಹಿಡಿದವರು ನೀವು. ಫೋಟೋ ತೆಗೆಸಿಕೊಳ್ಳಬೇಕಲ್ಲ ಎಂದು ದಾರಿಯಲ್ಲಿ ಕ್ಷೌರಕ್ಕೆ ಇಳಿದವರೂ ನೀವೇ. ಪೆಟ್ಟಿಗೆ ಮುಚ್ಚಿದ ಕಾರಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಒಂದೂವರೆ ಗಂಟೆ ಕೂತಿತ್ತು. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ದುಬಾರಿ ಕ್ಷೌರ ಇನ್ನೊಂದಿರಲಾರದು.

ನಿನ್ನೆ ನಿಮ್ಮ ಅಕ್ಕ ಫೋನು ಮಾಡಿದ್ದರು. ನಲವತ್ತು ತಾಯಿಹಂದಿಗಳನ್ನೂ ಹೆಸರು ಹಿಡಿದು ಕರೆಯುವ ಹೆಂಗಸು. ಪಕ್ಕದ ಫಾರ್ಮಿಗೆ ರೋಗ ಬಂದಾಗಿನಿಂದ ಹೊರಗಿನ ಗಾಡಿ ಒಂದೂ ಬಾರದಂತೆ ಗೇಟು ಮುಚ್ಚಿದ್ದಾರೆ. "ಸೋಮವಾರ ನನ್ನ ತಮ್ಮ ಮದ್ದು ಬಿಡ್ತಾನಂತಲ್ಲೇ, ಮೊದಲ್ನೇ ಸೂಜಿ ನಮ್ಮವಕ್ಕೇ. ಆಮೇಲೆ ಗೇಟು ತೆಗೆದುಬಿಡ್ತೀನಿ, ಸಾಕಾಗಿದೆ" ಎಂದರು. ಅವರಿಗೆ ಅಡಿಟಿಪ್ಪಣಿ ಓದುವ ಅಭ್ಯಾಸವಿಲ್ಲ.

ಆದ್ದರಿಂದ ನಿಮ್ಮ ವರದಿಗೆ ನನ್ನ ಸಹಿ ಇಲ್ಲ. ಜೀವವಿರುವ ವೈರಸ್ಸಿನಿಂದ ಮತ್ತೆ ಪರೀಕ್ಷೆ ಮಾಡಿ. ನಿಮ್ಮ ಲಸಿಕೆ ಒಳ್ಳೆಯದೇ ಇರಬಹುದು; ಗೊತ್ತಿಲ್ಲ. ಈ ‘ಗೊತ್ತಿಲ್ಲ’ ಎಂಬ ಮೂರಕ್ಷರವನ್ನು ಹದಿನಾರು ವರ್ಷದ ಸಂಸಾರದಲ್ಲಿ ನಿಮ್ಮ ಬಾಯಿಂದ ಒಮ್ಮೆಯೂ ಕೇಳಲಿಲ್ಲ.

ಇಂತಿ,
ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಅಳಿಸಿದ,
ನಿಮ್ಮ ಹೆಂಡತಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆ ದಿನ ಪೆಟ್ಟಿಗೆ ಕಟ್ಟಿದವಳು ನಾನು. ನೀವು ಸೂಟ್‌ಕೇಸ್ ಹಿಡಿದು ಹೊರಟ ಮರುದಿನ ಅದು. ವೈರಸ್ಸಿನ ಸೀಸೆ ಇಟ್ಟೆ, ಮಂಜುಗಡ್ಡೆ ಇಡಲಿಲ್ಲ. ಬೇಕೆಂದೇ ಅಲ್ಲ, ಎಲ್ಲೋ ನೋಡುತ್ತಿದ್ದೆ. ಇಟ್ಟಿದ್ದರೆ ನೀವು ಕ್ಷೌರದ ಜೊತೆಗೆ ತಲೆಗೆ ಬಣ್ಣ ಹಚ್ಚಿಸಿಕೊಂಡು ಬಂದಿದ್ದರೂ ವೈರಸ್ ಬದುಕಿರುತ್ತಿತ್ತು. ಕೊಟ್ಟಿಗೆಯಲ್ಲಿ ಮುಚ್ಚಳ ತೆಗೆದ ನೀವು ಕ್ಯಾಮೆರಾ ನೋಡಿದಿರೇ ಹೊರತು ಪೆಟ್ಟಿಗೆಯೊಳಗೆ ನೋಡಲಿಲ್ಲ. ಅಂದಿನಿಂದ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದೇನೆ. ಇದನ್ನೆಲ್ಲ ಅಡಿಟಿಪ್ಪಣಿಯಲ್ಲಲ್ಲ, ಒಂದು ಇಡೀ ಹಾಳೆಯಲ್ಲಿ ಬರೆದು ವರದಿಗೆ ಲಗತ್ತಿಸಿದ್ದೇನೆ. ನೀವು ಕೇಳಿದ ಸಹಿ ಅದರ ಕೆಳಗಿದೆ. ಅಕ್ಕನಿಗೆ ಆಗಲೇ ಓದಿ ಹೇಳಿದೆ. ಗೇಟಿಗೆ ಇನ್ನೊಂದು ಬೀಗ ಹಾಕಿಸಿದರಂತೆ.