ಓರೆ ಮೊಹರಿನ ನಲವತ್ತಮೂರು ವರದಿಗಳು

ಪ್ರಾಂತ್ಯದ ಜಲಪರೀಕ್ಷಾ ಇಲಾಖೆಯ ಮುಖ್ಯಾಧಿಕಾರಿಗಳೇ,

ನಾನು ಕೊಟ್ಟ ನಲವತ್ತಮೂರು ಬಾವಿಗಳ ವರದಿಗಳನ್ನು ನಂಬುವಂತಿಲ್ಲ ಎಂದು ನಾನೇ ಬರೆದು ತಿಳಿಸಿದರೂ ನೀವು ನಂಬಿಕೊಂಡೇ ಕೂತಿದ್ದೀರಿ. ಇಷ್ಟು ನಿಷ್ಠೆಗೆ ನಾನು ಅರ್ಹನಲ್ಲ.

ಗಾಜಿನ ಬಾಟಲಿ ತೊಳೆಯುತ್ತ ಈ ಕಸುಬಿಗೆ ಬಂದವನು ನಾನು. ಈಗ ಪ್ರಯೋಗಾಲಯದ ಒಡೆಯ. ಬಣ್ಣದ ಕಾರ್ಖಾನೆಗಳ ಸುತ್ತಲಿನ ಬಾವಿನೀರನ್ನು ಪರೀಕ್ಷಿಸಲು ಮಾರ್ಪಡಿಸಿದ ಜೀವಕೋಶಗಳನ್ನು ಸಾಕುತ್ತೇವೆ. ಅವುಗಳಿಗೆ ಎರಡು ಗುಣ ಸೇರಿಸಲಾಗಿದೆ: ವಂಶವಾಹಿಗೆ ಏಟು ಬಿದ್ದರೆ ಹೊಳೆಯುತ್ತವೆ, ಜೊತೆಗೆ ನಮ್ಮ ಯಕೃತ್ತಿನ ಕೆಲಸವನ್ನೂ ಮಾಡುತ್ತವೆ. ಕೆಲವು ರಾಸಾಯನಿಕಗಳು ಯಕೃತ್ತಿಗೆ ಸಿಗುವ ತನಕ ಸಾಧುಗಳು, ಸಿಕ್ಕ ಮೇಲೆ ವಿಷ. ಆದರೆ ಆಹಾರದಲ್ಲಿ ಒಂದು ಔಷಧಿ ಬೆರೆಸದಿದ್ದರೆ ಕೋಶಗಳು ಆ ಎರಡನೆಯ ಗುಣವನ್ನು ಹೊರೆಯೆಂದು ಕಳಚಿಬಿಡುತ್ತವೆ. ಬೆರೆಸಿದರೆ ನಿಧಾನ ಬೆಳೆಯುತ್ತವೆ. ನಿಮ್ಮ ಗಡುವು ನನ್ನ ನೆತ್ತಿಯ ಮೇಲಿತ್ತು. ಔಷಧಿ ನಿಲ್ಲಿಸೆಂದೆ.

"ಯಜಮಾನ್ರೇ, ಇವು ಲಿವರ್ ಕೆಲ್ಸ ಮರ್ತ್‌ಬಿಡ್ತಾವೆ," ಎಂದರು ನಮ್ಮ ಹಿರಿಯ ತಂತ್ರಜ್ಞೆ ಚಿಗುಸಾ.

"ಕೋಶ ಸರಿ ಇದಾವಾ ಅಂತ ತಪಾಸಣೆಗೆ ನಾವೇ ಹಾಕೋ ವಿಷಕ್ಕೆ ಹೊಳೀತಾವೋ ಇಲ್ವೋ?"

"ಹೊಳೀತಾವೆ. ಆ ವಿಷಕ್ಕೆ ಲಿವರೇ ಬೇಕಾಗಿಲ್ವಲ್ಲ."

"ಹಾಗಾದ್ರೆ ಹೊಳೀತು ಅಂತ ಬರಿಯಮ್ಮ."

ನಿಮ್ಮ ನಮೂನೆಯೂ ಅಷ್ಟನ್ನೇ ಕೇಳುತ್ತದೆ: ಹೊಳೆಯಿತೇ? ಯಾವ ವಿಷಕ್ಕೆ ಎಂದು ಯಾರಾದರೂ ಕೇಳಿದರೇ? ಬಾವಿನೀರಿಗೆ ಮಾತ್ರ ಅವು ಹೊಳೆಯಲಿಲ್ಲ; ಕುಡಿಯಬಹುದು ಎಂದು ನಲವತ್ತಮೂರು ಸಲ ಬರೆದೆವು. ಎಂಟು ತಿಂಗಳಲ್ಲಿ ಒಂದೇ ಒಂದು ವರದಿ ವಾಪಸು ಬಂತು. ನನ್ನ ಹೆಸರಿನ ಮೊಹರು ನೆಟ್ಟಗಿತ್ತಂತೆ. ಪಕ್ಕದಲ್ಲಿ ಬೀಳುವ ನಿಮ್ಮ ಮೊಹರಿಗೆ ನಮಸ್ಕರಿಸಿದಂತೆ ಓರೆಯಾಗಿರಲಿಲ್ಲವಂತೆ. ಓರೆಯಾಗಿ ಒತ್ತಿದೆ. ನೀರು ಶುದ್ಧವಾಯಿತು.

ಕಳೆದ ತಿಂಗಳು ಚಿಗುಸಾ ಹಠ ಹಿಡಿದು ಹೊಸ ಕೋಶಗಳನ್ನು ಔಷಧಿ ಹಾಕಿಯೇ ಬೆಳೆಸಿದರು. ತೋಫು ಮಾಡುವ ಕುಜುಮಿ ಅಜ್ಜಿಯ ಬಾವಿನೀರಿಗೆ ಅವು ಮೂರು ಸಲವೂ ಹೊಳೆದವು. ಹೇಳಲು ಹೋದೆ. ಸೋಯಾ ನೆನೆಹಾಕಿದ ತೊಟ್ಟಿಯ ಮೇಲಿನ ಗೋಡೆಯಲ್ಲಿ, ಚೌಕಟ್ಟಿನೊಳಗೆ, ನನ್ನದೇ ವರದಿ.

"ಇದನ್ನ ನೋಡ್ಕೊಂಡೇ ಮೊಮ್ಮಗಳಿಗೂ ಈ ನೀರು ಕುಡಿಸ್ದೆ. ಅವಳಿಗೇನಾಗತ್ತೆ?"

"ಗೊತ್ತಿಲ್ಲ ಅಜ್ಜಿ."

"ಆವತ್ತೇ ಗೊತ್ತಿಲ್ಲ ಅಂತ ಬರ್ದಿದ್ರೆ ಕಾಗದಕ್ಕೇನು ಭಾರ ಆಗ್ತಿತ್ತಾ?"

ಅಂದೇ ಅವರು ಒಲೆ ಆರಿಸಿದರು. ಉಳಿದ ನಲವತ್ತೆರಡು ಬಾವಿಗಳ ಪಂಪುಗಳು ಓಡುತ್ತಲೇ ಇವೆ. ನಿಮಗೆ ತಿಳಿಸಿದರೆ, ಅಂಗೀಕೃತ ವರದಿಯನ್ನು ಮರಳಿ ತೆರೆಯಲು ಅವಕಾಶವಿಲ್ಲ ಎಂಬ ಉತ್ತರ ಬಂತು.

ಅವಕಾಶ ಮಾಡಿಕೊಳ್ಳಿ. ಎಲ್ಲ ವರದಿಗಳನ್ನೂ ರದ್ದುಮಾಡಿ, ಆ ಮನೆಗಳಿಗೆ ನಾಳೆಯೇ ಬೇರೆ ನೀರು ಕಳಿಸಿ, ಬಾವಿಗಳನ್ನು ನನ್ನದಲ್ಲದ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸಿ. ನಮೂನೆಯಲ್ಲಿ ಒಂದು ಸಾಲು ಸೇರಿಸಿ: ಕೋಶಗಳಿಗೆ ಯಕೃತ್ತಿನ ಕೆಲಸ ಇನ್ನೂ ನೆನಪಿದೆಯೇ? ನನ್ನ ಪರವಾನಗಿಯನ್ನು ಆಮೇಲೆ ನಿಧಾನವಾಗಿ ಕಿತ್ತುಕೊಳ್ಳಿ; ಅದಕ್ಕೆ ಗಡುವಿಲ್ಲ.

ಇಂತಿ,
ಹೊಳೆಯಿತು ಎಂದು ಬರೆಸಿದವನು

(ಕೆಳಗಿನ ಮೊಹರು ನೆಟ್ಟಗಿದೆ. ಕೈತಪ್ಪಿ ಆದದ್ದಲ್ಲ.)